ಲೋಟ ಎಣಿಸುವವರು

ನಮ್ಮ ಬೀದಿಯ ಕೊನೆಯ ಮನೆಯ ಯಜಮಾನರು ವಾರಕ್ಕೆ ಮೂರು ದಿನವಾದರೂ ಕುಡಿದು ಬರುತ್ತಾರೆ. ಬಂದ ದಿನ ಗೇಟಿನ ಸದ್ದಿನಲ್ಲೇ ನಮಗೆಲ್ಲ ಗೊತ್ತಾಗಿಬಿಡುತ್ತದೆ. ಆಮೇಲೆ ಪಾತ್ರೆ ಬೀಳುವ ಸದ್ದು, ಬೈಗುಳದ ಸದ್ದು. ಮರುದಿನ ಹಾಲಿನ ಬೂತಿನ ಹತ್ತಿರ ಅವರ ಹೆಂಡತಿ ಸಿಕ್ಕಿದರೆ ನಾವ್ಯಾರೂ ಏನೂ ಕೇಳುವುದಿಲ್ಲ. ಕೇಳದಿದ್ದರೂ ಆಕೆ ತಾನಾಗಿಯೇ ಹೇಳುತ್ತಾರೆ, "ಕುಡೀದೇ ಇದ್ರೆ ದೇವರಂಥಾ ಮನುಷ್ಯ ಕಣ್ರೀ." ನಾವೂ ಹೌದೌದು ಅಂತ ತಲೆಯಾಡಿಸಿ ಹಾಲಿನ ಪ್ಯಾಕೆಟ್ಟು ಹಿಡಿದು ಮನೆಗೆ ಬರುತ್ತೇವೆ.

"ಕುಡಿದಿದ್ದರು, ಪಾಪ." ಇದು ಗಂಡಸಿಗೆ ನಮ್ಮ ಸಮಾಜ ಬರೆದುಕೊಟ್ಟ ರಜಾ ಚೀಟಿ. ಹೊಡೆದದ್ದಕ್ಕೆ, ಬೈದದ್ದಕ್ಕೆ, ಮಗಳ ಮದುವೆಗೆ ಇಟ್ಟ ದುಡ್ಡು ಕಳೆದದ್ದಕ್ಕೆ, ಎಲ್ಲದಕ್ಕೂ ನಡೆಯುತ್ತದೆ. ಅದೇ ಮಾತನ್ನು ಒಂದು ಹೆಣ್ಣಿನ ಬಗ್ಗೆ ಹೇಳಿ ನೋಡಿ. "ಕುಡಿದಿದ್ದಳು." ಅದರ ಹಿಂದೆ "ಪಾಪ" ಬರುವುದೇ ಇಲ್ಲ. "ಮತ್ತೆ ಇನ್ನೇನಾಗುತ್ತೆ?" ಅನ್ನುವುದು ಬರುತ್ತದೆ. ಒಂದೇ ಬಾಟಲಿಯಿಂದ ಸುರಿದದ್ದು ಗಂಡಸಿನ ಹೊಟ್ಟೆಗೆ ಹೋದರೆ ಅವನ ತಪ್ಪು ಕರಗುತ್ತದೆ, ಹೆಂಗಸಿನ ಹೊಟ್ಟೆಗೆ ಹೋದರೆ ಅವಳಿಗಾದ ಅನ್ಯಾಯ ಕರಗುತ್ತದೆ. ಇಂಥ ವಿಚಿತ್ರ ದ್ರವ ಇನ್ನೊಂದಿದೆಯೇ?

ಇದನ್ನು ನಾನು ಬೇರೆಯವರ ಮೇಲೆ ಗೂಬೆ ಕೂರಿಸಲು ಬರೆಯುತ್ತಿಲ್ಲ. ಮೊದಲ ತಪ್ಪಿತಸ್ಥೆ ನಾನೇ.

ಕೆಲವು ವರ್ಷಗಳ ಹಿಂದಿನ ಮಾತು. ನಾನು ಎತ್ತಿ ಆಡಿಸಿದ ಹುಡುಗಿ. ಅವಳ ಹೆಸರು ಬರೆಯುವುದಿಲ್ಲ, ನಂಟು ಏನೆಂದೂ ಹೇಳುವುದಿಲ್ಲ. ಕಾನೂನೂ ಹೇಳಬೇಡ ಅನ್ನುತ್ತದೆ, ಮನಸ್ಸೂ ಹೇಳಬೇಡ ಅನ್ನುತ್ತದೆ. ಓದಿ ಮುಗಿಸಿ ಒಂದು ದೊಡ್ಡ ಊರಿನಲ್ಲಿ ಕೆಲಸಕ್ಕೆ ಸೇರಿದ್ದಳು. ಒಂದು ಭಾನುವಾರ ಬೆಳಿಗ್ಗೆ ಆರೂವರೆಗೆ ಫೋನು. ನಾನು ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುತ್ತಿದ್ದೆ. ಹಿಟ್ಟಿನ ಕೈಯಲ್ಲೇ ಎತ್ತಿಕೊಂಡೆ. ಅವಳು ಅಳುತ್ತಿರಲಿಲ್ಲ. ಅದೇ ಭಯವಾದದ್ದು. ಯಾರದೋ ಹುಟ್ಟುಹಬ್ಬಕ್ಕೆ ಆಫೀಸಿನವರೆಲ್ಲ ಸೇರಿದ್ದರು, ಎಲ್ಲರೂ ಕುಡಿದರು, ತಾನೂ ಕುಡಿದೆ, ತಲೆ ಎತ್ತಲಾಗದೆ ಒಳಗಿನ ಕೋಣೆಯಲ್ಲಿ ಮಲಗಿದ್ದೆ, ಎಚ್ಚರವಾದಾಗ ಹೀಗಾಗಿತ್ತು ಎಂದು ತುಂಡು ತುಂಡಾಗಿ ಹೇಳಿದಳು. ಮಾಡಿದವನು ಯಾರೆಂದೂ ಹೇಳಿದಳು.

ಆಗ ನನ್ನ ಬಾಯಿಂದ ಬಂದ ಮೊದಲ ಮಾತು ಇದು: "ನೀನು ಕುಡಿದಿದ್ಯಾ?"

ಆಚೆ ಕಡೆ ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ, "ಆಯ್ತು ಆಂಟಿ, ಇಡ್ತೀನಿ," ಎಂದು ಇಟ್ಟುಬಿಟ್ಟಳು. ನಾಲ್ಕು ದಿನ ನನ್ನ ಫೋನು ಎತ್ತಲಿಲ್ಲ. ಯಾರಿಗೂ ಹೇಳಲಿಲ್ಲ. ಸ್ನಾನ ಮಾಡಿದಳು, ಬಟ್ಟೆ ಒಗೆದಳು, ಸೋಮವಾರ ಕೆಲಸಕ್ಕೂ ಹೋದಳು. ಐದನೆಯ ದಿನ ಅವಳ ರೂಮಿನ ಗೆಳತಿ ಕೈಹಿಡಿದು ಪೊಲೀಸ್ ಠಾಣೆಗೆ ಕರೆದುಕೊಂಡು ಹೋದಳು. ಆ ಗೆಳತಿಗೆ ಇಪ್ಪತ್ತಮೂರು ವರ್ಷ. ನನಗೆ ಆಗ ಐವತ್ತೊಂದು.

ಆ ನಾಲ್ಕು ದಿನದ ಬೆಲೆ ಏನೆಂದು ನನಗೆ ಗೊತ್ತಾದದ್ದು ಕೋರ್ಟಿನಲ್ಲಿ. ರಕ್ತದಲ್ಲಿರುವ ಮದ್ಯ ಯಾರಿಗಾಗಿಯೂ ಕಾಯುವುದಿಲ್ಲ. ಸಾಧಾರಣವಾಗಿ ನೂರು ಮಿಲಿಲೀಟರ್ ರಕ್ತದಲ್ಲಿ ಗಂಟೆಗೆ ಹದಿನೈದು ಮಿಲಿಗ್ರಾಂನಷ್ಟು ಇಳಿದುಹೋಗುತ್ತದೆ. ಒಂದು ದಿನ ಕಳೆದ ಮೇಲೆ ರಕ್ತ ತೆಗೆದರೆ ಏನೂ ಸಿಗುವುದಿಲ್ಲ. ಐದನೆಯ ದಿನ ಯಾವ ವೈದ್ಯರು ತಾನೇ ಏನು ಬರೆದಾರು? ಅವಳಿಗೆ ಅಂದು ರಾತ್ರಿ ಎಷ್ಟು ಅಮಲಿತ್ತು ಎಂದು ಹೇಳುವ ಒಂದೇ ಒಂದು ಕಾಗದವೂ ಇರಲಿಲ್ಲ.

ವಿಚಾರಣೆ ನಡೆದದ್ದು ಮುಚ್ಚಿದ ಬಾಗಿಲ ಹಿಂದೆ. ನಾನು ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ಪಾಟೀಸವಾಲು ಎರಡು ದಿನ ನಡೆಯಿತು. ಹೊರಗೆ ಬಂದಾಗ ಅವಳು ಹೇಳಿದ್ದು: "ಆಂಟಿ, ಅವನು ಏನು ಮಾಡಿದ ಅಂತ ಕೇಳಿದ್ದು ಹತ್ತು ನಿಮಿಷ. ಮಿಕ್ಕಿದ್ದೆಲ್ಲ ಲೋಟ ಎಣಿಸಿದ್ದು." ಎಷ್ಟು ಲೋಟ? ಮೊದಲನೆಯದು ಯಾರು ಕೊಟ್ಟರು? ಎರಡನೆಯದು ನೀವೇ ಎತ್ತಿಕೊಂಡಿರಲ್ಲವೇ? ಇದಕ್ಕೆ ಮೊದಲು ಎಷ್ಟು ಸಲ ಕುಡಿದಿದ್ದೀರಿ? ನಿಮ್ಮ ತಂದೆತಾಯಿಗೆ ಇದು ಗೊತ್ತೇ? ಒಳಗಿನ ಕೋಣೆಗೆ ನಿಮ್ಮ ಕಾಲಿನ ಮೇಲೆ ನೀವೇ ನಡೆದುಹೋದಿರಿ, ಹೌದೋ ಅಲ್ಲವೋ?

ಅವನೂ ಕುಡಿದಿದ್ದ. ಅವಳಿಗಿಂತ ಹೆಚ್ಚೇ ಕುಡಿದಿದ್ದ. ಅವನ ಲೋಟವನ್ನು ಯಾರೂ ಎಣಿಸಲಿಲ್ಲ. ಆರೋಪಿ ಸಾಕ್ಷಿ ಹೇಳಲೇಬೇಕೆಂದಿಲ್ಲ, ಅದು ಅವನ ಹಕ್ಕು, ಇರಲಿ. ಆದರೆ ಉಳಿದ ಸಾಕ್ಷಿಗಳನ್ನಾದರೂ ಕೇಳಬಹುದಿತ್ತಲ್ಲ? ಅವಳು ಬಾಗಿಲು ಹಿಡಿದು ನಿಂತಿದ್ದಳೇ, ಮಾತು ತೊದಲುತ್ತಿತ್ತೇ, ವಾಂತಿ ಮಾಡಿದ್ದಳೇ, ಅದನ್ನೆಲ್ಲ ಅವನು ಕಣ್ಣಾರೆ ಕಂಡಿದ್ದನೇ? ಈ ಪ್ರಶ್ನೆಗಳನ್ನು ಕೇಳಬೇಕಾದವರೂ ಕೇಳಲಿಲ್ಲ. ಮೂರು ವರ್ಷದ ಮೇಲೆ ತೀರ್ಪು ಬಂತು. ದೂರು ತಡವಾಗಿದೆ, ವೈದ್ಯಕೀಯ ಆಧಾರವಿಲ್ಲ, ಆಕೆ ತಾನಾಗಿಯೇ ಕುಡಿದು ತಾನಾಗಿಯೇ ಕೋಣೆಗೆ ನಡೆದುಹೋಗಿದ್ದಾಳೆ, ಆದ್ದರಿಂದ ಸಂಶಯದ ಲಾಭ ಕೊಟ್ಟು ಖುಲಾಸೆ.

ಆಮೇಲೆ ನಾನು ಕಾನೂನಿನ ಪುಸ್ತಕ ತಂದು ಓದಲು ಕೂತೆ. ಒಬ್ಬ ಪರಿಚಯದ ವಕೀಲೆ ಅರ್ಥ ಹೇಳಿಕೊಟ್ಟರು. ಓದಿದಷ್ಟೂ ಆಶ್ಚರ್ಯ. ಕಾನೂನಿನಲ್ಲಿ ಇಲ್ಲದಿದ್ದಿದ್ದರೆ ಕಾನೂನನ್ನು ಬೈಯಬಹುದಿತ್ತು. ಆದರೆ ಅಲ್ಲಿ ಬರೆದಿದೆಯಲ್ಲ! ಬ್ರಿಟಿಷರು 1860ರಲ್ಲಿ ಮಾಡಿದ ಭಾರತೀಯ ದಂಡ ಸಂಹಿತೆಯ 90ನೆಯ ಕಲಮು, ಅಮಲಿನಿಂದಾಗಿ ತಾನು ಒಪ್ಪುತ್ತಿರುವುದರ ಸ್ವರೂಪವೂ ಪರಿಣಾಮವೂ ತಿಳಿಯದ ಸ್ಥಿತಿಯಲ್ಲಿರುವವರ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಎನ್ನುತ್ತದೆ. 1983ರ ತಿದ್ದುಪಡಿಯಲ್ಲಿ ಅತ್ಯಾಚಾರದ 375ನೆಯ ಕಲಮಿನ ಒಳಗೇ ಇದನ್ನು ಬಿಡಿಸಿ ಬರೆದರು. ಅವನೇ ಕುಡಿಸಿರಲಿ, ಬೇರೆಯವರ ಕೈಯಲ್ಲಿ ಕುಡಿಸಿರಲಿ, ಅಥವಾ ಬರೀ ಅಮಲಿರಲಿ, ಅವಳಿಗೆ ತಿಳಿಯದ ಸ್ಥಿತಿಯಿದ್ದರೆ ಅವಳ "ಹೂಂ" ಲೆಕ್ಕಕ್ಕಿಲ್ಲ. 2013ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಒಪ್ಪಿಗೆಯೆಂದರೆ ಆ ಕ್ರಿಯೆಗೇ ಮಾತಿನಿಂದಲೋ ಸನ್ನೆಯಿಂದಲೋ ನಿಸ್ಸಂದಿಗ್ಧವಾಗಿ, ಸ್ವಇಚ್ಛೆಯಿಂದ ತೋರಿದ ಸಮ್ಮತಿ ಎಂದು ಬರೆದರು. ಪ್ರತಿಭಟಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಒಪ್ಪಿದಳೆಂದು ತಿಳಿಯಬಾರದು ಎಂದೂ ಸೇರಿಸಿದರು. 2024ರ ಜುಲೈ 1ರಿಂದ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 63ನೆಯ ಕಲಮಿನಲ್ಲೂ ಇದೆಲ್ಲ ಹಾಗೆಯೇ ಇದೆ.

ಗಮನಿಸಿ, ಲೋಟ ಯಾರು ಎತ್ತಿಕೊಂಡರು ಎಂಬುದರ ಮೇಲೆ ಈ ಕಲಮು ನಿಂತಿಲ್ಲ. ಅವಳ ಸ್ಥಿತಿ ಹೇಗಿತ್ತು ಎಂಬುದೇ ಅದರ ಪ್ರಶ್ನೆ.

ಇದು ಹೊಸ ತರ್ಕವೇನೂ ಅಲ್ಲ, ಸೋದರಿಯರೇ. ಜಮೀನಿನ ವಿಷಯದಲ್ಲಿ ನಾವೆಲ್ಲ ಒಪ್ಪಿರುವ ತರ್ಕವೇ. ಯಾರೋ ಒಬ್ಬ ತೆಂಗಿನ ತೋಟದ ಯಜಮಾನನಿಗೆ ಪೂರ್ತಿ ಕುಡಿಸಿ, ಕಣ್ಣು ಬಿಡಲಾರದ ಹೊತ್ತಿನಲ್ಲಿ ಕ್ರಯಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರು ಅನ್ನಿ. ನಾವೇನು ಹೇಳುತ್ತೇವೆ? "ಅಯ್ಯೋ, ಮೋಸ! ಪತ್ರ ನಿಲ್ಲೋದಿಲ್ಲ" ಅನ್ನುತ್ತೇವೆ. 1872ರ ಕರಾರು ಕಾಯಿದೆಯ 12ನೆಯ ಕಲಮೂ ಅದನ್ನೇ ಹೇಳುತ್ತದೆ. ಕರಾರಿನ ಷರತ್ತು ತಿಳಿಯದಷ್ಟು ಕುಡಿದವನು ಆ ಅಮಲು ಇರುವಷ್ಟು ಹೊತ್ತು ಕರಾರು ಮಾಡಲಾರ ಎಂಬುದು ಅಲ್ಲಿ ಕೊಟ್ಟಿರುವ ಉದಾಹರಣೆ. ಅವನಾಗಿಯೇ ಕುಡಿದನಲ್ಲ, ತೋಟ ಹೋದರೆ ಹೋಗಲಿ ಎಂದು ಅಲ್ಲಿ ಬರೆದಿಲ್ಲ. ಎಕರೆ ತೋಟಕ್ಕೆ ಸಿಗುವ ಈ ಮರ್ಯಾದೆ ಹೆಣ್ಣಿನ ಮೈಗೆ ಏಕೆ ಸಿಗಬಾರದು?

ಗಂಡಸಿನ ಕುಡಿತದ ಬಗ್ಗೆ ಕಾನೂನು ಏನು ಹೇಳುತ್ತದೆ ಎಂಬುದನ್ನೂ ನೋಡಿ. ಅವನಿಗೆ ತಿಳಿಯದಂತೆ ಅಥವಾ ಅವನ ಇಚ್ಛೆಗೆ ವಿರುದ್ಧವಾಗಿ ಯಾರಾದರೂ ಕುಡಿಸಿ ಬುದ್ಧಿ ಕೆಟ್ಟಿದ್ದರೆ ಮಾತ್ರ ವಿನಾಯಿತಿ. ತಾನಾಗಿ ಕುಡಿದವನಿಗೆ, ಕುಡಿಯದಿದ್ದರೆ ಎಷ್ಟು ತಿಳಿವಳಿಕೆ ಇರುತ್ತಿತ್ತೋ ಅಷ್ಟೇ ಇತ್ತೆಂದು ಲೆಕ್ಕ ಹಿಡಿಯಬೇಕು. ಅಂದರೆ ಅವಳ ಅಮಲು ಅವಳಿಗೆ ರಕ್ಷಣೆ, ಅವನ ಅಮಲು ಅವನಿಗೆ ನೆಪವಲ್ಲ. ಪುಸ್ತಕದಲ್ಲಿ ಹೀಗಿರುವುದನ್ನು ನಾವು ಬೀದಿಯಲ್ಲೂ ಕೋರ್ಟಿನಲ್ಲೂ ತಲೆಕೆಳಗು ಮಾಡಿಟ್ಟಿದ್ದೇವೆ.

ಈ ತಲೆಕೆಳಗಿಗೆ ಹಳೆಯ ಸಾಕ್ಷಿಯಿದೆ. ಮಥುರಾ ಪ್ರಕರಣವನ್ನು ನೀವು ಕೇಳಿರಬಹುದು. 1972ರ ಮಾರ್ಚ್‌ನಲ್ಲಿ ಮಹಾರಾಷ್ಟ್ರದ ಪೊಲೀಸ್ ಠಾಣೆಯೊಳಗೇ ಒಬ್ಬ ಆದಿವಾಸಿ ಹುಡುಗಿಯ ಮೇಲೆ ನಡೆದ ಅತ್ಯಾಚಾರದ ದೂರು. ಇಬ್ಬರು ಪೊಲೀಸರಲ್ಲಿ ಎರಡನೆಯವನು ಅವಳ ಮೈ ಮುಟ್ಟಿದ, ಮುಂದುವರಿಯಲು ಹೋದ, ಆದರೆ ವಿಪರೀತ ಕುಡಿದಿದ್ದರಿಂದ ಆಗಲಿಲ್ಲ ಎಂಬುದು ಆಕೆಯ ದೂರಿನಲ್ಲಿತ್ತು. ಠಾಣೆಯಲ್ಲಿ ಕುಡಿದಿದ್ದವನು ಅವನು. ನಡತೆ ತನಿಖೆಯಾದದ್ದು ಅವಳದು. ಮೈಮೇಲೆ ಗಾಯವಿಲ್ಲ, ಕೂಗಿಕೊಳ್ಳಲಿಲ್ಲ ಎಂದು 1978ರಲ್ಲಿ ಸುಪ್ರೀಂ ಕೋರ್ಟು ಇಬ್ಬರನ್ನೂ ಬಿಟ್ಟಿತು. ಉಪೇಂದ್ರ ಬಕ್ಷಿ, ವಸುಧಾ ಧಾಗಮ್‌ವಾರ್, ರಘುನಾಥ್ ಕೇಳ್ಕರ್, ಲೋತಿಕಾ ಸರ್ಕಾರ್ ಎಂಬ ನಾಲ್ವರು ಕಾನೂನು ಪ್ರಾಧ್ಯಾಪಕರು 1979ರಲ್ಲಿ ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದರು. ಹೆಂಗಸರು ಬೀದಿಗಿಳಿದರು. 1983ರ ತಿದ್ದುಪಡಿ ಬಂದದ್ದು ಹಾಗೆ.

"ನಮ್ಮ ಮಕ್ಕಳು ಕುಡಿಯುವವರಲ್ಲ, ಇದೆಲ್ಲ ನಮಗೇಕೆ?" ಎಂದು ನಿಮ್ಮಲ್ಲಿ ಕೆಲವರು ಪುಟ ತಿರುಗಿಸಲು ಹೊರಟಿರಬಹುದು. ಸ್ವಲ್ಪ ನಿಲ್ಲಿ. 1984ರಲ್ಲಿ ಪಂಜಾಬಿನಲ್ಲಿ ಹದಿನಾರು ತುಂಬದ ಒಬ್ಬ ಹುಡುಗಿ ಮೆಟ್ರಿಕ್ ಪರೀಕ್ಷೆ ಬರೆದು ಬರುತ್ತಿದ್ದಳು. ಅವಳನ್ನು ಕಾರಿನಲ್ಲಿ ಎಳೆದುಕೊಂಡು ಹೋಗಿ, ಜ್ಯೂಸು ಎಂದು ಹೇಳಿ ಮದ್ಯ ಕುಡಿಸಿ ಅತ್ಯಾಚಾರ ಮಾಡಿದರು. ಆ ಹುಡುಗಿಯನ್ನೂ ಕೆಳಗಿನ ಕೋರ್ಟು ನಡತೆಗೆಟ್ಟವಳೆಂದು ಕರೆದು ಆರೋಪಿಗಳನ್ನು ಬಿಟ್ಟಿತ್ತು. 1996ರಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ಕಿತ್ತುಹಾಕಿ ಶಿಕ್ಷೆ ಕೊಟ್ಟಿತು, ನಂಬಿಕೆಗೆ ಅರ್ಹವಾಗಿದ್ದರೆ ಹೆಣ್ಣಿನ ಸಾಕ್ಷಿಯೊಂದೇ ಸಾಕು ಎಂದಿತು. ನೋಡಿದಿರಾ? ಬಾರಿಗೆ ಹೋದವಳೂ ಒಂದೇ, ಪರೀಕ್ಷೆ ಬರೆದು ಬಂದವಳೂ ಒಂದೇ. ನಡತೆಯ ತಕ್ಕಡಿ ಎತ್ತಿದ ಮೇಲೆ ಅದರಲ್ಲಿ ಯಾರೂ ಸರಿಯಾಗಿ ತೂಗುವುದಿಲ್ಲ.

ಅದೆಲ್ಲ ಹಳೆಯ ಕಾಲ ಅನ್ನುತ್ತೀರಾ? 2020ರ ಜೂನ್‌ನಲ್ಲಿ ನಮ್ಮ ಕರ್ನಾಟಕ ಹೈಕೋರ್ಟಿನ ಒಂದು ಜಾಮೀನು ಆದೇಶ ಬಂತು. ದೂರು ಕೊಟ್ಟವಳು ರಾತ್ರಿ ಹನ್ನೊಂದಕ್ಕೆ ಆಫೀಸಿಗೆ ಏಕೆ ಹೋದಳು, ಅವನ ಜೊತೆ ಕುಡಿಯಲು ಏಕೆ ಆಕ್ಷೇಪಿಸಲಿಲ್ಲ ಎಂದು ಅಲ್ಲಿ ಕೇಳಿತ್ತು. ಆಮೇಲೆ ಆಯಾಸವಾಗಿ ನಿದ್ದೆ ಹೋದೆ ಎಂದು ಆಕೆ ಹೇಳಿದ್ದು ಭಾರತೀಯ ಹೆಣ್ಣಿಗೆ ತಕ್ಕದ್ದಲ್ಲ ಎಂಬ ಮಾತೂ ಇತ್ತು. ದೇಶದಲ್ಲೆಲ್ಲ ಗಲಾಟೆಯಾಗಿ ಜುಲೈಯಲ್ಲಿ ಆ ಮಾತನ್ನು ಆದೇಶದಿಂದ ತೆಗೆದರು. 2021ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು, ಹೆಣ್ಣು ಕುಡಿದಿದ್ದಳು ಎಂಬುದು ಗಂಡಸಿನ ನಡವಳಿಕೆಗೆ ಸಮರ್ಥನೆಯಾಗದು, ಇಂಥ ಪೂರ್ವಗ್ರಹಗಳನ್ನು ನ್ಯಾಯಾಧೀಶರು ಬಿಡಬೇಕು ಎಂದು ಬರೆಯಿತು. 2023ರಲ್ಲಿ ಇದಕ್ಕಾಗಿಯೇ ಒಂದು ಕೈಪಿಡಿಯನ್ನೂ ಹೊರತಂದಿತು. ಇಷ್ಟಾದ ಮೇಲೆ, 2025ರ ಮಾರ್ಚ್‌ನಲ್ಲಿ ಅಲಹಾಬಾದ್ ಹೈಕೋರ್ಟು ಇನ್ನೊಂದು ಜಾಮೀನು ಆದೇಶದಲ್ಲಿ, ದೆಹಲಿಯ ಬಾರಿನಲ್ಲಿ ಕುಡಿದಿದ್ದ ವಿದ್ಯಾರ್ಥಿನಿ ತೊಂದರೆಯನ್ನು ತಾನೇ ಕರೆದುಕೊಂಡಳು ಎಂದಿತು. ಸುಪ್ರೀಂ ಕೋರ್ಟು ಮತ್ತೆ ಅಸಮಾಧಾನ ತೋರಿಸಬೇಕಾಯಿತು. ಮೇಲಿನವರು ಎಷ್ಟು ಸಲ ಹೇಳಿಕೊಟ್ಟರೂ ಈ ಪಾಠ ಕೆಳಗಿಳಿಯುವುದಿಲ್ಲ. ಏಕೆಂದರೆ ನ್ಯಾಯಾಧೀಶರೂ ಯಾವುದೋ ಮನೆಯಲ್ಲಿ, ಯಾವುದೋ ಬೀದಿಯಲ್ಲಿ ಬೆಳೆದವರು. ನಾವು ಹಾಲಿನ ಬೂತಿನ ಹತ್ತಿರ ಆಡುವ ಮಾತನ್ನೇ ಅವರು ಆದೇಶದಲ್ಲಿ ಬರೆಯುತ್ತಾರೆ.

ಈಗ ಎದುರು ವಾದಕ್ಕೆ ಬರುತ್ತೇನೆ. ಅದನ್ನು ಕೇಳಿಸಿಕೊಳ್ಳದೆ ಹೋಗುವುದು ನ್ಯಾಯವಲ್ಲ. ನನ್ನ ತಮ್ಮನೇ ಕೇಳಿದ, "ಅಕ್ಕಾ, ಇಬ್ಬರೂ ಕುಡಿದಿರ್ತಾರೆ. ಬೆಳಿಗ್ಗೆ ಅವಳಿಗೆ ಬೇಡ ಅನ್ನಿಸಿದ್ರೆ ಅವನನ್ನ ಜೈಲಿಗೆ ಹಾಕೋದಾ?" ಅವನಿಗೂ ಒಬ್ಬ ಮಗನಿದ್ದಾನೆ. ಅವನ ಹೆದರಿಕೆ ಸುಳ್ಳಲ್ಲ.

ನಾನು ಹೇಳಿದೆ, ಕುಡಿದ ಹೆಣ್ಣು ಒಪ್ಪುವುದೇ ಸಾಧ್ಯವಿಲ್ಲ ಎಂದು ಕಾನೂನು ಹೇಳುವುದಿಲ್ಲ, ನಾನೂ ಹೇಳುವುದಿಲ್ಲ. ಕುಡಿದು ವಾಹನ ಓಡಿಸುವುದಕ್ಕೆ ಒಂದು ಅಂಕಿಯಿದೆ, ನೂರು ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ. ಒಪ್ಪಿಗೆಗೆ ಅಂಥ ಅಂಕಿಯಿಲ್ಲ, ಇರಲೂ ಆಗದು. ಒಬ್ಬರಿಗೆ ಎರಡು ಲೋಟಕ್ಕೆ ಕಣ್ಣು ಮುಚ್ಚುತ್ತದೆ, ಇನ್ನೊಬ್ಬರು ಆರು ಲೋಟಕ್ಕೂ ಲೆಕ್ಕ ಬರೆಯುತ್ತಾರೆ. ಬೆಳಿಗ್ಗೆ ನೆನಪಿಲ್ಲ ಎಂದ ಮಾತ್ರಕ್ಕೆ ರಾತ್ರಿ ಎಚ್ಚರವಿರಲಿಲ್ಲ ಎಂದಲ್ಲ. ನಡೆದುಹೋದಳು ಎಂದ ಮಾತ್ರಕ್ಕೆ ಎಲ್ಲ ತಿಳಿದಿತ್ತು ಎಂದೂ ಅಲ್ಲ. ಅದಕ್ಕೇ ಲೋಟದ ಲೆಕ್ಕ ಕೆಲಸಕ್ಕೆ ಬಾರದು ಅನ್ನುವುದು. ಅವಳಿಗೆ ಎದ್ದು ನಿಲ್ಲಲು ಆಗುತ್ತಿತ್ತೇ? ಎಲ್ಲಿದ್ದೇನೆ, ಎದುರಿಗಿರುವವರು ಯಾರು ಎಂದು ಗೊತ್ತಿತ್ತೇ? ಬೇಡ ಅನ್ನುವ ಶಕ್ತಿ ಇತ್ತೇ? ಒಪ್ಪಿದಳು ಅನ್ನುವವನು ಅದನ್ನು ಯಾವ ಮಾತಿನಲ್ಲಿ, ಯಾವ ಸನ್ನೆಯಲ್ಲಿ ಕಂಡ? ಇವನ್ನು ಕೇಳಲಿ. ರುಜುವಾತಾಗದಿದ್ದರೆ ಬಿಡಲಿ. ನಿರಪರಾಧಿಗೆ ಶಿಕ್ಷೆಯಾಗಲಿ ಎಂದು ಯಾವ ತಾಯಿಯೂ ಬಯಸುವುದಿಲ್ಲ. ಆದರೆ ಬಿಡುವುದಕ್ಕೆ ಕಾರಣ ಸಾಕ್ಷಿ ಇಲ್ಲದಿರುವುದಾಗಲಿ, ಅವಳು ಲೋಟ ಎತ್ತಿದ್ದು ಕಾರಣವಾಗದಿರಲಿ. ನಿನ್ನ ಮಗನಿಗೆ ಹೇಳು, ಎದುರಿನವಳಿಗೆ ಎಚ್ಚರವಿದೆಯೋ ಇಲ್ಲವೋ ಎಂಬ ಅನುಮಾನ ಬಂದರೆ ಹೊದಿಕೆ ಹೊದಿಸಿ ಹೊರಗೆ ಬಾ ಅಂತ. ಇಷ್ಟು ಕಲಿಸಿದರೆ ನಿನ್ನ ಹೆದರಿಕೆಗೆ ಕಾರಣವೇ ಇರುವುದಿಲ್ಲ. ತಮ್ಮ ಸುಮ್ಮನಾದ. ಒಪ್ಪಿದನೋ ಇಲ್ಲವೋ ಗೊತ್ತಿಲ್ಲ.

ಇನ್ನೊಂದು ಮಾತನ್ನು ಹೇಳದೆ ಇದನ್ನು ಮುಗಿಸಲಾರೆ. ನಮ್ಮ ಬೀದಿಯ ಕೊನೆಯ ಮನೆಯ ಆಕೆಯ ಗತಿಯೇನು? ಕುಡಿದು ಬಂದವನಿಗೆ "ಇವತ್ತು ಬೇಡ" ಅನ್ನುವ ಅಧಿಕಾರ ಆಕೆಗಿದೆಯೇ? ಕಾನೂನಿನಲ್ಲಿ ಗಂಡನಿಗೆ ವಿನಾಯಿತಿಯಿದೆ. ಹದಿನೆಂಟು ತುಂಬಿದ ಹೆಂಡತಿಯ ಮೇಲೆ ಗಂಡ ಮಾಡಿದ್ದು ಅತ್ಯಾಚಾರವಲ್ಲ ಎಂದು ಹೊಸ ಸಂಹಿತೆಯಲ್ಲೂ ಉಳಿಸಿಕೊಂಡಿದ್ದಾರೆ. 2022ರ ಮಾರ್ಚ್‌ನಲ್ಲಿ ನಮ್ಮ ಹೈಕೋರ್ಟೇ ಒಬ್ಬ ಗಂಡನ ಮೇಲಿನ ಅತ್ಯಾಚಾರದ ಆರೋಪವನ್ನು ರದ್ದು ಮಾಡಲು ಒಪ್ಪದೆ ಗಂಡನಾದರೂ ಗಂಡಸೇ ಎಂಬ ನೇರ ಮಾತು ಆಡಿತು. ಅದಕ್ಕೆ ಅದೇ ವರ್ಷ ಸುಪ್ರೀಂ ಕೋರ್ಟಿನಲ್ಲಿ ತಡೆ ಬಿತ್ತು. ಮಗಳ ಲೋಟ ಎಣಿಸುವ ನಾವು ಗಂಡನ ಬಾಟಲಿಯನ್ನು ಯಾವತ್ತಾದರೂ ಎಣಿಸಿದ್ದೇವೆಯೇ?

ಕೋರ್ಟನ್ನು ನಾನು ತಿದ್ದಲಾರೆ. ನನ್ನ ನಾಲಿಗೆಯನ್ನು ತಿದ್ದಿಕೊಳ್ಳಬಲ್ಲೆ. ಅದಕ್ಕೇ ಈ ಬರಹ. ನಿಮ್ಮ ಮನೆಗೂ ಒಂದು ದಿನ ಅಂಥ ಫೋನು ಬರಬಹುದು, ಬರದಿರಲಿ. ಬಂದರೆ ಇಷ್ಟು ನೆನಪಿಟ್ಟುಕೊಳ್ಳಿ. ಸ್ನಾನ ಮಾಡಬೇಡ, ಬಟ್ಟೆ ಒಗೆಯಬೇಡ, ಕಾಗದದ ಚೀಲದಲ್ಲಿಡು ಎನ್ನಿ. ಸರ್ಕಾರಿಯಾಗಲಿ ಖಾಸಗಿಯಾಗಲಿ, ಯಾವ ಆಸ್ಪತ್ರೆಯೂ ಉಚಿತ ಚಿಕಿತ್ಸೆ ಕೊಡಲೇಬೇಕು ಎಂದು 2013ರಿಂದ ಕಾನೂನಿದೆ. ಪೊಲೀಸರ ಕಾಗದ ಇಲ್ಲದಿದ್ದರೂ ಪರೀಕ್ಷೆ ಮಾಡಬಹುದು, ಅವಳ ಒಪ್ಪಿಗೆಯಿಂದ ಮಾತ್ರ ಮಾಡಬೇಕು ಎಂದು ಕೇಂದ್ರ ಆರೋಗ್ಯ ಇಲಾಖೆಯ 2014ರ ಮಾರ್ಗಸೂಚಿ ಹೇಳುತ್ತದೆ. ಕುಡಿದಿದ್ದರೆ, ಅಥವಾ ಏನೋ ಬೆರೆಸಿದ್ದರು ಎಂಬ ಅನುಮಾನವಿದ್ದರೆ, ಅದನ್ನು ಮುಚ್ಚಿಡದೆ ವೈದ್ಯರಿಗೆ ಹೇಳಿ ರಕ್ತ, ಮೂತ್ರ ತೆಗೆಸಿ. ನಾಚಿಕೆಯಿಂದ ಮುಚ್ಚಿಟ್ಟರೆ ಅವಳಿಗಿರುವ ಸಾಕ್ಷಿಯೇ ಹೋಗುತ್ತದೆ. ಘಟನೆ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಬರೆದುಕೊಳ್ಳಲೇಬೇಕು.

ಇದೆಲ್ಲ ಆಮೇಲಿನ ಮಾತು. ಮೊದಲ ಮಾತು ಬೇರೆ ಇದೆ. ತೀರ್ಪಾದ ಮೇಲೆ ಒಂದು ಸಂಜೆ ಆ ಹುಡುಗಿ ನಮ್ಮ ಮನೆಗೆ ಬಂದಿದ್ದಳು. ಅಡುಗೆಮನೆಯಲ್ಲಿ ಅವರೆಕಾಯಿ ಬಿಡಿಸುತ್ತ ಕೂತಿದ್ದೆವು. ನಾನು ಧೈರ್ಯ ಮಾಡಿ ಕೇಳಿದೆ, "ಅವತ್ತು ನಾನು ಏನು ಹೇಳಬೇಕಿತ್ತು?" ಅವಳು ಕೈ ನಿಲ್ಲಿಸಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. "ಎಲ್ಲಿದ್ದೀಯಾ ಅಂತ ಕೇಳಬೇಕಿತ್ತು, ಆಂಟಿ," ಅಂದಳು. "ನೀವು ಬರ್ತೀರಿ ಅಂದ್ಕೊಂಡೇ ನಿಮಗೆ ಮಾಡಿದ್ದೆ."